ಅಪ್ಪನ ಕಿವಿಯ ಮಿಷನ್ನು

ಇವತ್ತು ಸ್ವಲ್ಪ ಮೆಲ್ಲಗೆ ಮಾತಾಡ್ತೀನಿ. ಟಿವಿ ಕೆಟ್ಟಿದೆ ಅಂದುಕೊಂಡು ವಾಲ್ಯೂಮ್ ಜಾಸ್ತಿ ಮಾಡಬೇಡಿ, ನನ್ನ ಗಂಟಲೂ ಚೆನ್ನಾಗಿದೆ. ವಿಷಯವೇ ಅಂಥದ್ದು. ಇದನ್ನ ಕಿರುಚಿಕೊಂಡು ಹೇಳಿದರೆ ನಾಳೆ ಬೆಳಿಗ್ಗೆ ನೀವೇ ನನ್ನನ್ನ ಟ್ರೋಲ್ ಮಾಡ್ತೀರಿ.

ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಪುಟ್ಟ ಡಬ್ಬಿ ಇದೆ. ಅದರೊಳಗೆ ಅಪ್ಪನ ಕಿವಿಯ ಮಿಷನ್ನು. ಎಷ್ಟು ದುಡ್ಡು ಕೊಟ್ಟೆ ಅಂತ ಕೇಳಬೇಡಿ, ಒಂದು ಸ್ಕೂಟರ್ ಬರ್ತಿತ್ತು. ಅಮ್ಮ ಹೋದ ಮೇಲೆ ಅಪ್ಪನನ್ನು ದಾವಣಗೆರೆಯಿಂದ ಬೆಂಗಳೂರಿಗೆ ಕರೆದುಕೊಂಡು ಬಂದೆ. ಬಂದವರಿಗೆ ಮಾತಾಡೋಕೆ ಜನ ಬೇಕಲ್ಲ, ಅದಕ್ಕೇ ಮಿಷನ್ನು ಕೊಡಿಸಿದ್ದು. ಬೆಳಿಗ್ಗೆ ಆರಕ್ಕೆ ಹಾಕಿಕೊಳ್ತಾರೆ. ಹಾಲಿನವನ ಜೊತೆ, ಸೆಕ್ಯುರಿಟಿಯವನ ಜೊತೆ ನಾಲ್ಕು ಮಾತಾಡ್ತಾರೆ. ಒಂಬತ್ತು ಗಂಟೆ ಹೊತ್ತಿಗೆ ರಸ್ತೆ ತುಂಬಿಕೊಳ್ಳುತ್ತೆ, ಹಾರ್ನು ಶುರುವಾಗುತ್ತೆ, ಪಕ್ಕದ ಸೈಟಿನಲ್ಲಿ ಕಬ್ಬಿಣ ಕತ್ತರಿಸೋ ಮಿಷನ್ನು ಶುರುವಾಗುತ್ತೆ. ಅಪ್ಪ ಕಿವಿಯಿಂದ ತೆಗೆದು ಡಬ್ಬಿಗೆ ಹಾಕಿಬಿಡ್ತಾರೆ. ನಾನು ಪ್ರೈಮ್ ಟೈಮ್ ಮುಗಿಸಿ ಮನೆಗೆ ಹೋಗೋದು ರಾತ್ರಿ ಹನ್ನೊಂದಕ್ಕೆ, ಏಳೋದು ಬೆಳಿಗ್ಗೆ ಒಂಬತ್ತೂವರೆಗೆ. ಲೆಕ್ಕ ನೀವೇ ಹಾಕಿ. ಒಂದೇ ಮನೆಯಲ್ಲಿದ್ದೀವಿ, ಅಪ್ಪನ ಕಿವಿ ತೆರೆದಿರೋ ಹೊತ್ತಿಗೂ ನನ್ನ ಬಾಯಿ ತೆರೆಯೋ ಹೊತ್ತಿಗೂ ತಾಳೆಯೇ ಆಗ್ತಿರಲಿಲ್ಲ.

ನನಗೆ ಸಿಟ್ಟು ಬರ್ತಿತ್ತು. ಅಪ್ಪನ ಮೇಲೆ. ಇಷ್ಟು ದುಡ್ಡು ಕೊಟ್ಟಿದ್ದೀನಿ, ಸ್ವಲ್ಪ ತಾಳ್ಮೆಯಿಂದ ಹಾಕಿಕೊಂಡಿರೋಕೆ ಏನು ಕಷ್ಟ ಅಂತ. ಒಂದಿನ ಕೇಳಿಯೇಬಿಟ್ಟೆ.

ಅಪ್ಪನ ಕಿವಿ ಹಾಳಾದ ಕಥೆ ಮೊದಲು ಹೇಳಬೇಕು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನೋ ಹೆಸರಿತ್ತು, ಹತ್ತಿ ಗಿರಣಿಗಳ ಊರು. ಅಪ್ಪ ಅಂಥ ಒಂದು ಗಿರಣಿಯ ನೇಯ್ಗೆ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದವರು. ನೂರಾರು ಮಗ್ಗ ಒಟ್ಟಿಗೆ ಓಡೋ ಶೆಡ್ಡು ಅದು. ಪಕ್ಕದಲ್ಲಿ ನಿಂತವನ ಜೊತೆ ಕೈಸನ್ನೆಯಲ್ಲೇ ಮಾತು. ನಮ್ಮ ಕಾರ್ಖಾನೆ ನಿಯಮದ ಪ್ರಕಾರ ದಿನಕ್ಕೆ 8 ಗಂಟೆ ದುಡಿಯುವವನಿಗೆ 90 ಡೆಸಿಬೆಲ್ ಗರಿಷ್ಠ ಮಿತಿ. ಮಗ್ಗದ ಶೆಡ್ಡು ಅದನ್ನ ದಾಟುತ್ತೆ. ಕಿವಿಯ ಒಳಗೆ ಕೂದಲಿನಂಥ ಸೂಕ್ಷ್ಮ ಕೋಶಗಳಿವೆ, ಸತ್ತರೆ ಮತ್ತೆ ಹುಟ್ಟಲ್ಲ. ಮೊದಲು ಸಾಯೋದು ತೀಕ್ಷ್ಣ ಸ್ವರ ಹಿಡಿಯೋ ಕೋಶಗಳು. ಅಂದರೆ ಸ, ಶ, ತ, ಕ ಇಂಥ ವ್ಯಂಜನ ಕೇಳಿಸೋದು ನಿಲ್ಲುತ್ತೆ, ಸ್ವರಗಳು ಉಳಿಯುತ್ತವೆ. ಮಾತು ಕೇಳುತ್ತೆ, ಏನು ಅಂತ ಗೊತ್ತಾಗಲ್ಲ. ಮನೆಯಲ್ಲಿ ವಯಸ್ಸಾದವರು 'ಗೊಣಗಬೇಡ, ಬಿಡಿಸಿ ಹೇಳು' ಅಂದರೆ ನಿಮ್ಮ ಮೇಲಿನ ಕೋಪ ಅಲ್ಲ ಅದು. ಅವರಿಗೆ ಕೇಳಿಸ್ತಿರೋದೇ ಅಷ್ಟು.

ಸರಿ, ನಾನು ಕೇಳಿದೆ. ಅಪ್ಪಾ, ಇಪ್ಪತ್ತು ವರ್ಷ ಮಗ್ಗದ ಸದ್ದು ತಡೆದುಕೊಂಡಿರಿ, ಈ ರಸ್ತೆ ಸದ್ದು ತಡೆಯೋಕಾಗಲ್ವಾ?

ಅಪ್ಪ ಹೇಳಿದ್ದು ಇಷ್ಟೇ: "ಆ ಸದ್ದು ನನ್ನ ಅನ್ನ ಕಣಪ್ಪ. ಅದು ನಿಂತ ದಿನವೇ ನನಗೆ ನಿದ್ದೆ ಬರಲಿಲ್ಲ. ಇದು ಯಾರ ಅನ್ನ?"

ನಾನು ಎಲೆಕ್ಟ್ರಾನಿಕ್ಸ್ ಓದಿದವನು. ಕಾಲೇಜಿನಲ್ಲಿ ಸದ್ದು ಅಂದರೆ ನಮಗೆ ಒಂದು ಸಂಖ್ಯೆ. ಸಂಖ್ಯೆ ಜಾಸ್ತಿಯಾದರೆ ತೊಂದರೆ ಜಾಸ್ತಿ, ಅಲ್ಲಿಗೆ ಮುಗೀತು. ಅಪ್ಪ ಹೇಳಿದ್ದು ಆ ಲೆಕ್ಕಕ್ಕೆ ಸಿಗಲಿಲ್ಲ. ಕಿವಿಯನ್ನ ಕೊಂದ ಸದ್ದಿನ ಮೇಲೆ ಪ್ರೀತಿ, ಅದಕ್ಕಿಂತ ಎಷ್ಟೋ ಕಮ್ಮಿ ಇರೋ ಸದ್ದಿನ ಮೇಲೆ ಕೋಪ. ಹೆಂಗೆ?

ಸಂಖ್ಯೆಯಿಂದಲೇ ಶುರು ಮಾಡೋಣ, ಯಾಕಂದ್ರೆ ಅಲ್ಲೇ ನಮ್ಮ ನ್ಯೂಸ್ ಚಾನೆಲ್‌ಗಳು ತಪ್ಪು ಮಾಡೋದು. ನಾನೂ ಮಾಡಿದ್ದೀನಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಮಾಡಿದರೆ ಅಲ್ಲಿ 50 ಮತ್ತು 40. ಈಗ ಒಂದು ಬಡಾವಣೆಯಲ್ಲಿ 65 ಬಂತು ಅಂದುಕೊಳ್ಳಿ. ಹತ್ತೇ ತಾನೆ ಜಾಸ್ತಿ ಅನಿಸುತ್ತೆ. ಆದರೆ ಡೆಸಿಬೆಲ್ ನಮ್ಮ ತಕ್ಕಡಿ ಲೆಕ್ಕ ಅಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು. ಕಿವಿಗೆ ಸುಮಾರು ಎರಡು ಪಟ್ಟು ಜೋರು. ಇಪ್ಪತ್ತು ಏರಿದರೆ ಶಕ್ತಿ ನೂರು ಪಟ್ಟು.

ಇನ್ನೊಂದು ತಮಾಷೆ ಇದೆ. ಈ ಮಿತಿ ಇರೋದು ಸರಾಸರಿಗೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂಟು ಗಂಟೆ ನಿಮ್ಮ ರಸ್ತೆಯಲ್ಲಿ 40 ಡೆಸಿಬೆಲ್ ಇತ್ತು ಅನ್ನಿ. ಎರಡು ಗಂಟೆ ರಾತ್ರಿಯಲ್ಲಿ ಒಬ್ಬ ಮಹಾಶಯ ನಿಮ್ಮ ಕಿಟಕಿ ಕೆಳಗೆ ಮೂರು ಸೆಕೆಂಡ್ ಹಾರ್ನ್ ಹೊಡೆದ, 80 ಡೆಸಿಬೆಲ್. ನಾನು ಕೂತು ಲೆಕ್ಕ ಹಾಕಿದೆ. ಇಡೀ ರಾತ್ರಿಯ ಸರಾಸರಿ 43 ಆಗುತ್ತೆ, ಅಷ್ಟೇ. ಮಿತಿ 45. ಕಾಗದದ ಮೇಲೆ ಅದು ಪ್ರಶಾಂತ ರಾತ್ರಿ. ನೀವು ಮಾತ್ರ ಹಾಸಿಗೆ ಮೇಲೆ ಎದ್ದು ಕೂತಿದ್ದೀರಿ, ಎದೆ ಹೊಡೆದುಕೊಳ್ತಿದೆ, ಮಗು ಅಳ್ತಿದೆ, ಬೆಳಿಗ್ಗೆ ಹೆಂಡತಿ ಮೇಲೆ ರೇಗ್ತೀರಿ, ಯಾಕೆ ಅಂತ ನಿಮಗೂ ಗೊತ್ತಿರಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಿಂದ ಬೆಂಗಳೂರು ಸೇರಿ ಏಳು ಮಹಾನಗರಗಳಲ್ಲಿ ಸದ್ದು ಅಳೆಯೋ ಜಾಲ ಇಟ್ಟಿದೆ. ಒಳ್ಳೆಯದು, ಅಳೆಯಲೇಬೇಕು. ಆದರೆ ಮೀಟರ್ ಅಳೆಯೋದು ಸದ್ದನ್ನ. ಕಿರಿಕಿರಿ ಅಳೆಯೋ ಮೀಟರ್ ಇಲ್ಲ.

ಅದನ್ನ ಅಳೆಯೋಕೆ ಹೋದವರು ಇಬ್ಬರು. ಅಮೆರಿಕದ ಮನಶ್ಶಾಸ್ತ್ರಜ್ಞರು, ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್. ಅವರ ಪುಸ್ತಕ ಬಂದದ್ದು 1972ರಲ್ಲಿ. ಪ್ರಯೋಗ ಕೇಳಿ, ನಮ್ಮ ಬೆಂಗಳೂರನ್ನ ನೋಡಿಯೇ ಮಾಡಿದ ಹಾಗಿದೆ. ಜನರನ್ನ ಒಂದು ಕೋಣೆಯಲ್ಲಿ ಕೂರಿಸಿ ಲೆಕ್ಕ ಗಿಕ್ಕ ಮಾಡೋಕೆ ಕೊಟ್ಟರು. ಮಧ್ಯೆ ಮಧ್ಯೆ ಒಂದು ಸದ್ದು ಹಾಕೋದು. ಸದ್ದು ಏನು ಗೊತ್ತಾ? ಇಬ್ಬರು ಸ್ಪ್ಯಾನಿಷ್ ಮಾತಾಡ್ತಿದ್ದಾರೆ, ಒಬ್ಬ ಅರ್ಮೇನಿಯನ್ ಭಾಷೆ ಮಾತಾಡ್ತಿದ್ದಾನೆ, ಜೊತೆಗೆ ಟೈಪ್‌ರೈಟರ್, ಲೆಕ್ಕದ ಯಂತ್ರ, ಪ್ರತಿ ತೆಗೆಯೋ ಯಂತ್ರ, ಎಲ್ಲಾ ಒಂದರ ಮೇಲೊಂದು. ಜೋರು ಅಂದರೆ 108 ಡೆಸಿಬೆಲ್. ನಮ್ಮ ಡಿಬೇಟ್ ಕಾರ್ಯಕ್ರಮಕ್ಕೆ ಇವರು ಐವತ್ತು ವರ್ಷ ಮೊದಲೇ ರಿಹರ್ಸಲ್ ಮಾಡಿದ್ದರು ಅಂತ ಕಾಣುತ್ತೆ.

ಜನ ಹೊಂದಿಕೊಂಡರು. ಸ್ವಲ್ಪ ಹೊತ್ತಿಗೆ ಸದ್ದಿನಲ್ಲೂ ಲೆಕ್ಕ ಸರಿಯಾಗಿಯೇ ಮಾಡಿದರು. ಆಮೇಲೆ ಸದ್ದು ನಿಲ್ಲಿಸಿ, ನಿಶ್ಶಬ್ದದಲ್ಲಿ ಬೇರೆ ಕೆಲಸ ಕೊಟ್ಟರು. ಬಿಡಿಸೋಕೇ ಆಗದ ಒಗಟುಗಳು. ಎಷ್ಟು ಸಲ ಪ್ರಯತ್ನಪಟ್ಟು ಕೈಬಿಡ್ತಾರೆ ಅಂತ ನೋಡೋದು. ಯಾವಾಗ ಬರುತ್ತೋ ಗೊತ್ತಿಲ್ಲದ ಸದ್ದು ಕೇಳಿದ್ದವರು ಬೇಗ ಕೈಚೆಲ್ಲಿದರು. ಅಚ್ಚು ತಿದ್ದೋಕೆ ಕೊಟ್ಟರೆ ತಪ್ಪುಗಳು ಕಣ್ಣಿಗೇ ಬೀಳಲಿಲ್ಲ. ಸದ್ದು ಹೋಗಿತ್ತು, ಅದು ತೆಗೆದುಕೊಂಡಿದ್ದು ಮಾತ್ರ ವಾಪಸ್ ಬಂದಿರಲಿಲ್ಲ.

ಈಗ ಮುಖ್ಯ ವಿಷಯ. ಕೆಲವರಿಗೆ ಮೊದಲೇ ಒಂದು ಬಟನ್ ತೋರಿಸಿದ್ದರು. 'ತಡೆಯೋಕಾಗದಿದ್ದರೆ ಇದನ್ನ ಒತ್ತಿ, ಸದ್ದು ನಿಲ್ಲುತ್ತೆ, ಆದರೆ ಒತ್ತದಿದ್ದರೆ ನಮಗೆ ಒಳ್ಳೆಯದು' ಅನ್ನೋ ಥರ. ಹೆಚ್ಚಿನವರು ಒತ್ತಲೇ ಇಲ್ಲ. ಅದೇ 108 ಡೆಸಿಬೆಲ್ ಪೂರ್ತಿ ಕೇಳಿದರು. ಆದರೂ ಆಮೇಲಿನ ಒಗಟಿನಲ್ಲಿ ಅವರು ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು ಸಲ ಪ್ರಯತ್ನಪಟ್ಟರು. ಕಿವಿಗೆ ಬಿದ್ದ ಸದ್ದು ಒಂದೇ. ಒಬ್ಬರ ಕೈಹತ್ತಿರ ಬಟನ್ ಇತ್ತು, ಇನ್ನೊಬ್ಬರ ಹತ್ತಿರ ಇರಲಿಲ್ಲ.

ಇದನ್ನ ಓದಿದ ದಿನ ನಾನು ಸುಮ್ಮನೆ ಕೂತಿದ್ದೆ. ಅಪ್ಪನಿಗೆ ಬೆಂಗಳೂರಿನಲ್ಲಿ ಇರೋ ಒಂದೇ ಬಟನ್ ಆ ಮಿಷನ್ನು ತೆಗೆದಿಡೋದು. ಅದನ್ನ ಒತ್ತಿದರೆ ಹಾರ್ನ್ ಜೊತೆ ನಾನೂ ಮ್ಯೂಟ್ ಆಗ್ತೀನಿ.

ಈಗ ಕಳೆದ ತಿಂಗಳ ಒಂದು ರಾತ್ರಿ. ಹನ್ನೊಂದು ನಲವತ್ತು. ಪಕ್ಕದ ಸೈಟಿನಲ್ಲಿ ಮೌಲ್ಡ್ ಹಾಕ್ತಿದ್ದರು. ಮಿಕ್ಸರ್ ಲಾರಿ, ವೈಬ್ರೇಟರ್, ಕೂಗಾಟ. ಮಿಷನ್ನು ತೆಗೆದಿಟ್ಟರೂ ಅಪ್ಪ ಎದ್ದು ಕೂತಿದ್ದರು. ತೀಕ್ಷ್ಣ ಸ್ವರ ಕೇಳಲ್ಲ ಅಂದೆನಲ್ಲ, ಈ ಧಡ ಧಡ ಅನ್ನೋ ದಪ್ಪ ಸದ್ದು ಚೆನ್ನಾಗಿಯೇ ಕೇಳುತ್ತೆ. ಮಂಚ ನಡುಗುತ್ತೆ ಅಂದರು.

ನಿಮಗೆ ಗೊತ್ತಿರಲಿ. 2010ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ಆಗಿದೆ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡೋ ಕಟ್ಟಡ ಯಂತ್ರ ನಡೆಸುವಂತಿಲ್ಲ. ತುರ್ತು ಸಂದರ್ಭ ಬಿಟ್ಟರೆ ಹಾರ್ನ್ ಕೂಡ ಹೊಡೆಯುವಂತಿಲ್ಲ. ಇಷ್ಟು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194-ಎಫ್ ಪ್ರಕಾರ ಸುಮ್ಮಸುಮ್ಮನೆ ಹಾರ್ನ್ ಹೊಡೆದರೆ ಮೊದಲ ಸಲ 1,000 ರೂಪಾಯಿ, ಮತ್ತೆ ಹೊಡೆದರೆ 2,000. ನಿಮ್ಮ ಪರಿಚಯದಲ್ಲಿ ಯಾರಾದರೂ ಕಟ್ಟಿದ್ದಾರಾ? ನನ್ನ ಪರಿಚಯದಲ್ಲಿ ಇಲ್ಲ.

ನಾನು ಠಾಣೆಗೆ ಫೋನ್ ಮಾಡಿದೆ. ನಾನು ಆಂಕರ್ ಅಂತ ಹೇಳಲಿಲ್ಲ, ಬೇಕಂತಲೇ. 'ಕಳಿಸ್ತೀವಿ ಸಾರ್' ಅಂದರು. ಯಾರೂ ಬರಲಿಲ್ಲ. ಮತ್ತೆ ಫೋನ್. 'ಅವರಿಗೆ ಪರ್ಮಿಷನ್ ಇರುತ್ತೆ ಸಾರ್' ಅಂದರು. ಆ ಹೊತ್ತಿಗೆ ನನಗೆ ಸದ್ದೇ ಕೇಳಿಸ್ತಿರಲಿಲ್ಲ, ಬರೀ ಕೋಪ. ಮೂರನೇ ಸಲ ಹೆಸರು ಹೇಳಿದೆ, ಚಾನೆಲ್ ಹೆಸರೂ ಹೇಳಿದೆ. ಹದಿನೈದು ನಿಮಿಷದಲ್ಲಿ ಜೀಪ್ ಬಂತು.

ನನಗೆ ನಾಚಿಕೆ ಆಗಿದ್ದು ಅದಕ್ಕೇ. ನನ್ನ ಹತ್ತಿರ ಬಟನ್ ಇತ್ತು. ಅದೇ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬರೋ ನರ್ಸ್ ಇದ್ದಾರೆ, ಪರೀಕ್ಷೆಗೆ ಓದೋ ಹುಡುಗ ಇದ್ದಾನೆ. ಅವರು ಯಾರ ಹೆಸರು ಹೇಳಬೇಕು? ಪೊಲೀಸರಿಗೆ ನೂರೆಂಟು ಕೆಲಸ, ಒಪ್ಪಿದೆ. ಸದ್ದಿನ ದೂರು ಕಳ್ಳತನ, ಕೊಲೆಯ ಮುಂದೆ ಚಿಕ್ಕದು ಅನಿಸುತ್ತೆ, ಅದನ್ನೂ ಒಪ್ಪೋಣ. ಆದರೆ ಗ್ಲಾಸ್ ಮತ್ತು ಸಿಂಗರ್ ತೋರಿಸಿದ್ದನ್ನ ನೆನಪು ಮಾಡಿಕೊಳ್ಳಿ. ಫೋನ್ ಮಾಡಿದರೆ ಬರ್ತಾರೆ ಅನ್ನೋ ನಂಬಿಕೆ ಇದ್ದರೆ ಜನ ಹತ್ತರಲ್ಲಿ ಒಂಬತ್ತು ಸಲ ಫೋನೇ ಮಾಡಲ್ಲ. ಬರಲ್ಲ ಅಂತ ಗೊತ್ತಿದ್ದರೆ ಪ್ರತಿ ಸದ್ದೂ ಎದೆಗೆ ಬಂದು ಬಡಿಯುತ್ತೆ, ಸಣ್ಣದೂ ಕೂಡ.

ಹಂಗಂತ ಕೋಪ ಮಾತ್ರ ಅಲ್ಲ, ಸದ್ದು ನಮ್ಮನ್ನ ಇನ್ನೊಂದು ಥರ ಹಾಳು ಮಾಡುತ್ತೆ. 1975ರಲ್ಲಿ ಕೆನೆತ್ ಮ್ಯಾಥ್ಯೂಸ್, ಲ್ಯಾನ್ಸ್ ಕ್ಯಾನನ್ ಅನ್ನೋರು ಒಂದು ಪ್ರಯೋಗ ಪ್ರಕಟಿಸಿದರು. ರಸ್ತೆ ಬದಿ ಒಬ್ಬ ಮನುಷ್ಯ, ಕೈಗೆ ಪ್ಲಾಸ್ಟರ್. ಪುಸ್ತಕಗಳ ಪೆಟ್ಟಿಗೆ ಹೊತ್ತವನು ದಾರಿಹೋಕರ ಎದುರು ಪುಸ್ತಕ ಬೀಳಿಸಿಬಿಡ್ತಾನೆ. ಸುತ್ತ ಸದ್ದಿಲ್ಲದಾಗ ನೂರಕ್ಕೆ 80 ಜನ ಬಗ್ಗಿ ಎತ್ತಿಕೊಟ್ಟರು. ಪಕ್ಕದಲ್ಲಿ ಹುಲ್ಲು ಕತ್ತರಿಸೋ ಯಂತ್ರ ಚಾಲೂ ಮಾಡಿದಾಗ ನೂರಕ್ಕೆ 15. ಅದೇ ಊರು, ಅಂಥದೇ ಜನ. ಕೆಟ್ಟವರಾಗಿದ್ದರು ಅಂತಲ್ಲ. ಸದ್ದಿನಲ್ಲಿ ಮನಸ್ಸು ಒಂದು ಕೊಳವೆ ಆಗಿಬಿಡುತ್ತೆ, ಪ್ಲಾಸ್ಟರ್ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲ್ಲ.

ಇದನ್ನ ನಾನು ನಂಬ್ತೀನಿ, ಯಾಕಂದ್ರೆ ನಾನೇ ಸಾಕ್ಷಿ. ಒಂದು ಸಿಗ್ನಲ್ಲಿನಲ್ಲಿ ಹಸಿರು ಬಿದ್ದಿದೆ, ಮುಂದಿನ ಆಟೋ ಹೋಗ್ತಿಲ್ಲ. ಹಿಂದೆ ಬಸ್ಸು ಹೊಡೀತಿದೆ, ನಾನೂ ಹೊಡೆದೆ. ಏಳೆಂಟು ಸಲ ಹೊಡೆದೆ. ಆಟೋದವರು ಕೆಳಗಿಳಿದು ಒಬ್ಬ ಅಜ್ಜಿಯ ಊರುಗೋಲು ಹಿಡಿದುಕೊಂಡು ಅವರನ್ನ ಫುಟ್‌ಪಾತಿಗೆ ಹತ್ತಿಸ್ತಿದ್ದರು. ಅದು ನನ್ನ ಕಣ್ಣ ಮುಂದೆಯೇ ನಡೀತಿತ್ತು. ನಾನು ನೋಡ್ತಿದ್ದೆ, ಕಾಣಿಸಲಿಲ್ಲ. ಅವರು ಹಿಂತಿರುಗಿ ಬಂದು ಆಟೋ ಹತ್ತೋವಾಗ ನನ್ನ ಕಡೆ ಒಂದು ನೋಟ ನೋಡಿದರು ನೋಡಿ, ಬೈದಿದ್ದರೇ ಚೆನ್ನಾಗಿತ್ತು.

ಇದಕ್ಕಿಂತ ಭಯಂಕರವಾದದ್ದು ನಮ್ಮ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ದಾಖಲಾಗಿದೆ. 1998ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ವರದಿಯಾದ ಘಟನೆ. 13 ವರ್ಷದ ಒಬ್ಬ ಬಾಲಕಿಯ ಮೇಲೆ ಅತ್ಯಾಚಾರ ಆಯಿತು. ಆಕೆ ಕೂಗಿಕೊಂಡಳು. ನೆರೆಯಲ್ಲಿ ಧ್ವನಿವರ್ಧಕದ ಹಾಡು ಅಬ್ಬರಿಸುತ್ತಿತ್ತು, ಕೂಗು ಯಾರಿಗೂ ಕೇಳಿಸಲಿಲ್ಲ. ಅದೇ ದಿನ ಸಂಜೆ ಆ ಮಗು ಬೆಂಕಿ ಹಚ್ಚಿಕೊಂಡು ಸತ್ತಿತು. ಆ ಸುದ್ದಿ ಓದಿದ ಒಬ್ಬ ಇಂಜಿನಿಯರ್ ಕೋರ್ಟಿಗೆ ಹೋದರು. 2005ರ ಜುಲೈ 18ರಂದು ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ನೆಮ್ಮದಿಯಾಗಿ ಬದುಕುವುದೂ ಸೇರಿದೆ, ನಿಮ್ಮ ಜಾಗದಲ್ಲೇ ಆದರೂ ಸರಿ, ಹೊರಗೆ ದಾಟಿ ಬರೋ ಸದ್ದು ಮಾಡೋ ಹಕ್ಕು ನಿಮಗಿಲ್ಲ ಅನ್ನೋದು ಅದರ ಸಾರ. ಮಾತಾಡೋ ಸ್ವಾತಂತ್ರ್ಯ ಇದೆ. ಕೇಳಿಸಿಕೊಳ್ಳಲೇಬೇಕು ಅಂತ ಇನ್ನೊಬ್ಬನ ಮೇಲೆ ಹೇರೋ ಸ್ವಾತಂತ್ರ್ಯ ಇಲ್ಲ.

ಈಗ ನಮ್ಮ ಮನೆ ಮಾತಿಗೆ ಬರ್ತೀನಿ. ಮನೆ ಅಂದರೆ ಈ ಸ್ಟುಡಿಯೋ. 2022ರಲ್ಲಿ ಮೈಕಿನ ಗಲಾಟೆ ನೆನಪಿದೆಯಲ್ಲ? ಏಪ್ರಿಲ್, ಮೇ ತಿಂಗಳು. ಸರ್ಕಾರ ಸುತ್ತೋಲೆ ಹೊರಡಿಸಿತು, ಅನುಮತಿ ಇಲ್ಲದೆ ಧ್ವನಿವರ್ಧಕ ಬಳಸೋ ಹಾಗಿಲ್ಲ ಅಂತ. ನಾವು ಚಾನೆಲ್‌ಗಳವರು ಎಷ್ಟು ಗಂಟೆ ಚರ್ಚೆ ಮಾಡಿದೆವು! ಯಾವ ಚರ್ಚೆಯಲ್ಲಾದರೂ ಪಕ್ಕದ ಮನೆಯ ಹಸುಗೂಸು, ಹೃದಯದ ರೋಗಿ ಬಂದರಾ? ಬರಲಿಲ್ಲ. ಯಾರ ಮೈಕು ಅನ್ನೋದಷ್ಟೇ ಬಂತು. ನಮ್ಮ ಹಬ್ಬದ ಮೈಕು ಸಂಭ್ರಮ, ಅವರ ಹಬ್ಬದ ಮೈಕು ಗಲಾಟೆ. ಇದು ಎರಡೂ ಕಡೆ ಇದೆ, ಮೂರನೇ ಕಡೆಯೂ ಇದೆ, ರಾಜಕೀಯ ಪಕ್ಷದ ಸಮಾವೇಶದ ಮೈಕಿಗೆ ಯಾವ ಧರ್ಮ? ಸದ್ದು ಮಾಡೋನ ಮೇಲೆ ನಮಗಿರೋ ಅಭಿಪ್ರಾಯವೇ ಅರ್ಧ ಕಿರಿಕಿರಿ. ಅದನ್ನ ತಿಳಿಸಿ ಹೇಳಬೇಕಾದ ನಾವು ಆ ಅಭಿಪ್ರಾಯಕ್ಕೇ ಸೀಮೆಎಣ್ಣೆ ಸುರಿದೆವು.

ಇನ್ನೂ ಒಂದು ಗುಟ್ಟು. ಕಂಟ್ರೋಲ್ ರೂಮಿನಲ್ಲಿ ಕಂಪ್ರೆಸರ್ ಅಂತ ಒಂದು ಯಂತ್ರ ಇರುತ್ತೆ. ಪಿಸುಮಾತನ್ನ ಎತ್ತುತ್ತೆ, ಕಿರುಚಾಟವನ್ನ ಅದುಮುತ್ತೆ, ಎಲ್ಲಾ ಒಂದೇ ಮಟ್ಟಕ್ಕೆ ತಂದು ಒಟ್ಟಾರೆ ಜೋರು ಮಾಡುತ್ತೆ. ನಾಲ್ಕು ಜನ ಒಟ್ಟಿಗೆ ಕೂಗಿದಾಗ ಉಸಿರಾಡೋಕೂ ಜಾಗ ಇರಲ್ಲ. ಓದಿದ್ದು ಇದನ್ನೇ ಆದ್ದರಿಂದ ನನಗೆ ಗೊತ್ತು. ನಮ್ಮ ಅಪ್ಪ ನನ್ನ ಕಾರ್ಯಕ್ರಮವನ್ನ ಮ್ಯೂಟ್ ಮಾಡಿ ನೋಡ್ತಾರೆ. ಕೆಳಗೆ ಅಕ್ಷರ ಓಡುತ್ತಲ್ಲ, ಅದನ್ನ ಓದ್ತಾರೆ. ಮುಖ ನೋಡಿದರೆ ಸಾಕು ಏನು ಹೇಳ್ತಿದ್ದೀಯ ಗೊತ್ತಾಗುತ್ತೆ ಅಂತಾರೆ. ಹೊಗಳಿಕೆಯೋ ಬೈಗುಳವೋ, ಕೇಳೋ ಧೈರ್ಯ ಆಗಿಲ್ಲ.

ಪರಿಹಾರ ಇಲ್ಲ ಅಂತ ಕೈಚೆಲ್ಲೋರಿಗೆ ಒಂದು ಮಾತು. ನ್ಯೂಯಾರ್ಕಿನಲ್ಲಿ ಎತ್ತರದ ರೈಲು ಹಳಿಯ ಪಕ್ಕ ಒಂದು ಶಾಲೆ. ಆರ್ಲೀನ್ ಬ್ರಾನ್ಜಾಫ್ಟ್ ಅನ್ನೋ ಮನಶ್ಶಾಸ್ತ್ರಜ್ಞೆ 1975ರಲ್ಲಿ ತೋರಿಸಿದರು: ಹಳಿಯ ಕಡೆಯ ಕೋಣೆಯಲ್ಲಿ ಕೂತ ಮಕ್ಕಳು ಓದಿನಲ್ಲಿ ಆ ಕಡೆಯ ಕೋಣೆಯ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ಅಲ್ಲಿ ಮಕ್ಕಳಿಗೆ ಅಡ್ಜಸ್ಟ್ ಮಾಡಿಕೊಳ್ಳಿ ಅನ್ನಲಿಲ್ಲ. ಹಳಿಯ ಕೆಳಗೆ ರಬ್ಬರ್ ಹಾಕಿದರು, ತರಗತಿಯ ತಾರಸಿಗೆ ಸದ್ದು ಹೀರೋ ಹಲಗೆ ಹಾಕಿದರು. ಆಮೇಲೆ ನೋಡಿದರೆ ವ್ಯತ್ಯಾಸವೇ ಇರಲಿಲ್ಲ. ಇಂಜಿನಿಯರ್ ಆಗಿ ನನಗೆ ಇದಕ್ಕಿಂತ ಖುಷಿ ಕೊಡೋ ಕಥೆ ಇಲ್ಲ.

ಆ ರಾತ್ರಿಯ ಉಳಿದ ಭಾಗ ಹೇಳಿ ಮುಗಿಸ್ತೀನಿ. ಜೀಪ್ ಬಂದು ಕೆಲಸ ನಿಂತಿತು. ಮಾರನೇ ದಿನ ಸೈಟಿನ ಮೇಸ್ತ್ರಿ ನಮ್ಮ ಮನೆ ಬೆಲ್ ಮಾಡಿದ. ನಾನು ಜಗಳಕ್ಕೇ ಬಂದ ಅಂದುಕೊಂಡೆ. ಮಾನ್ವಿ ಕಡೆಯವನು, ಇಪ್ಪತ್ತೈದು ಇಪ್ಪತ್ತಾರು ವಯಸ್ಸು. ಹಗಲು ಲಾರಿ ಬಿಡಲ್ಲ ಸಾರ್, ಅರ್ಧಕ್ಕೆ ಮೌಲ್ಡ್ ನಿಲ್ಲಿಸಿದರೆ ಓನರ್ ನನ್ನ ಕೂಲಿಯಲ್ಲಿ ಹಿಡೀತಾನೆ, ಅಂದ. ಅಪ್ಪ ಡಬ್ಬಿಯಿಂದ ಮಿಷನ್ನು ತೆಗೆದು ಹಾಕಿಕೊಂಡರು. ಯಾವೂರು, ಮನೆಯಲ್ಲಿ ಎಷ್ಟು ಜನ, ಹೊಲ ಎಷ್ಟು, ಕೂಲಿ ದಿನಕ್ಕೆ ಎಷ್ಟು ಅಂತ ಅರ್ಧ ಗಂಟೆ ಕೇಳಿದರು. ಕಾಫಿ ಆಯಿತು. ಹೋಗೋವಾಗ ಆ ಹುಡುಗ ತನ್ನ ನಂಬರ್ ಬರೆದುಕೊಟ್ಟ. "ತಾತಾ, ಸದ್ದು ಭಾಳ ಆತು ಅಂದ್ರ ಒಂದು ಮಿಸ್ ಕಾಲ್ ಕೊಡ್ರಿ, ಸ್ವಲ್ಪ ನಿಲ್ಲಿಸ್ತೀನಿ. ರಾತ್ರಿ ಕೆಲಸ ಇದ್ರ ಮೊದ್ಲೇ ಬಂದು ಹೇಳ್ತೀನಿ."

ಅಪ್ಪ ಆ ನಂಬರನ್ನ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾರೆ. ಇವತ್ತಿಗೆ ಮೂರು ವಾರ. ಒಂದು ಸಲವೂ ಫೋನ್ ಮಾಡಿಲ್ಲ. ಕಬ್ಬಿಣ ಕತ್ತರಿಸೋದು ಹಗಲೆಲ್ಲ ನಡೀತಾನೇ ಇದೆ, ಹಾರ್ನೂ ಹಂಗೇ ಇದೆ. ಆದರೆ ನಾನು ಇವತ್ತು ಎದ್ದು ಬಂದಾಗ ಹತ್ತು ಗಂಟೆ ದಾಟಿತ್ತು, ಡಬ್ಬಿ ಖಾಲಿ ಇತ್ತು. ಅಪ್ಪ ಕಿಟಕಿ ಹತ್ತಿರ ನಿಂತು, "ಹುಡುಗ ಇವತ್ತು ಬಂದಿಲ್ಲ ಕಣಪ್ಪ, ಬೇರೆ ಯಾರೋ ಕೆಲಸ ಮಾಡಿಸ್ತಾ ಇದಾರೆ" ಅಂದರು.